ಮಡಿ, ಮಡಿಕೆ, ಮಡಚದ ಎಳೆ

ತೊಂಡಾಮುತ್ತೂರಿನಲ್ಲಿ ಈರುಳ್ಳಿ ಹೊಲಕ್ಕೆ ನೀರು ಹಾಯಿಸಲು ಇಳಿಯುವ ಮುನ್ನ ರೈತ ಪಂಚೆಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ, ಮೊಣಕಾಲಿನ ಮೇಲಕ್ಕೆ ಮಡಿಚಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಅಲ್ಲಿನ ತಮಿಳಿನಲ್ಲಿ ಅದು ‘ಮಡಿಚ್ಚು ಕಟ್ಟು’. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ತಲೆಮಾರುಗಳಿಂದ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡ ಒಕ್ಕಲಿಗರಿದ್ದಾರೆ, ದೇವಾಂಗರಿದ್ದಾರೆ. ಬೀದಿಯ ಭಾಷೆಗೂ ಮನೆಯ ಭಾಷೆಗೂ ನಡುವೆ ಹೊಸಿಲು ದಾಟುವಾಗ ಅವರು ಬದಲಿಸಬೇಕಿಲ್ಲದ ಮಾತುಗಳಲ್ಲಿ ಇದೂ ಒಂದು.

ಮಡಿ ಎಂಬುದು ಮೊದಲು ಕೈಕೆಲಸದ ಮಾತು. ಬಟ್ಟೆಯನ್ನೋ ಎಲೆಯನ್ನೋ ಬಾಗಿಸಿ ಒಂದರ ಮೇಲೊಂದು ಪದರ ಮಾಡುವುದು. ಪದರ ಎಣಿಸಿದರೆ ಇಮ್ಮಡಿ, ಮುಮ್ಮಡಿ, ನೂರ್ಮಡಿ. ಎಷ್ಟು ಪಟ್ಟು ಎಂದು ಹೇಳುವ ಮಾತು ನಮ್ಮಲ್ಲಿ ಮಡಿಕೆಯದೇ. (ರಾಜರಾಜ ಚೋಳನ ಬಿರುದಿನ ‘ಮುಮ್ಮುಡಿ’ ಬೇರೆ, ಅಲ್ಲಿರುವುದು ಮೂರು ಮುಡಿ, ಮೂರು ಕಿರೀಟ.) ಕುಳಿತಾಗ ಮೈ ಮಡಿಯುವ ಜಾಗ ಮಡಿಲು. ಒಗೆದು ಮಡಿಚಿಟ್ಟ ಬಟ್ಟೆ ಮಡಿ, ಅದನ್ನು ಮಾಡಿಕೊಡುವವನು ಮಡಿವಾಳ.

ಅಲ್ಲಿಂದ ಮುಂದೆ ಈ ಪದ ನನ್ನನ್ನು ನೋಯಿಸುತ್ತದೆ. ಬಟ್ಟೆಯ ಗುಣವಾಗಿದ್ದದ್ದು ಮನುಷ್ಯರ ಗುಣವಾಯಿತು. ಮಡಿಗೆ ಎದುರಾಗಿ ಮೈಲಿಗೆ ನಿಂತಿತು. ಮಡಿ ಮಾಡಿಕೊಟ್ಟವನೇ ಮಡಿಯ ಮನೆಯ ಹೊರಗೆ ಉಳಿದ. 12ನೇ ಶತಮಾನದ ಶರಣ ಮಡಿವಾಳ ಮಾಚಯ್ಯ ತನ್ನ ಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡದ್ದು ಸಣ್ಣ ಸಂಗತಿಯಲ್ಲ. ಮಡಿಚಿದ್ದು ಶುದ್ಧ, ಮಡಿಚದ್ದು ಕೊಳೆ ಎಂಬ ಭಾವ ಇಂದಿಗೂ ಆ ಪದಕ್ಕೆ ಅಂಟಿಕೊಂಡೇ ಇದೆ.

ಮಡಿ ಎಂಬ ಈ ಪದವನ್ನೂ ಒಳಗೊಂಡ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದೇ ವರ್ಷ ಜರ್ಮನಿಯಲ್ಲಿ ಎಮಿಲ್ ಫಿಷರ್ ಎಂಬ ರಸಾಯನ ವಿಜ್ಞಾನಿ, ಕಿಣ್ವವೂ ಅದು ಹಿಡಿಯುವ ವಸ್ತುವೂ ಬೀಗ ಮತ್ತು ಬೀಗದ ಕೈಯಂತೆ ಹೊಂದುತ್ತವೆ ಎಂದ. ಆ ಹೋಲಿಕೆ ಬಹುಕಾಲ ಆಳಿತು. ಕಿಣ್ವಗಳು ಬಹುಪಾಲು ಪ್ರೋಟೀನುಗಳೇ. ಪ್ರೋಟೀನು ಅಮೈನೊ ಆಮ್ಲಗಳನ್ನು ಪೋಣಿಸಿದ ಉದ್ದನೆಯ ಎಳೆ. ಅದು ತನ್ನಷ್ಟಕ್ಕೆ ಮಡಿಚಿಕೊಂಡು ಒಂದು ನಿಶ್ಚಿತ ಆಕಾರ ತಾಳುತ್ತದೆ. ಆಕಾರವಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ ಎಂಬುದು ಆಗಿನ ಲೆಕ್ಕ. 1963ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್, ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಂದಿಗೆ ಆ ಎಳೆ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂಬ ನಕ್ಷೆ ಬರೆದರು. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಪ್ರೋಟೀನಿನ ಮಡಿಕೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು ನಮ್ಮ ಹಳೆಯ ಪದವನ್ನೇ ಕೈಗೆತ್ತಿಕೊಂಡರು, ಅದರ ಮೌಲ್ಯಭಾರದ ಸಮೇತ.

ಆದರೆ ಜೀನುಗಳನ್ನು ಚಾಲೂ ಮಾಡುವ ಪ್ರೋಟೀನುಗಳು ಈ ಲೆಕ್ಕಕ್ಕೆ ಒಗ್ಗಲಿಲ್ಲ. ಯೀಸ್ಟ್‌ನಲ್ಲಿ ಗ್ಯಾಲ್4 ಎಂಬ ಪ್ರೋಟೀನಿದೆ, 881 ಅಮೈನೊ ಆಮ್ಲಗಳ ಎಳೆ. ಗ್ಯಾಲಕ್ಟೋಸ್ ಸಕ್ಕರೆ ಸಿಕ್ಕಾಗ ಅದನ್ನು ಅರಗಿಸುವ ಜೀನುಗಳನ್ನು ಎಬ್ಬಿಸುವುದು ಇದರ ಕೆಲಸ. ಇದರ ಒಂದು ತುದಿ ಅಚ್ಚುಕಟ್ಟಾಗಿ ಮಡಿಚಿಕೊಂಡು ಡಿಎನ್‌ಎಯನ್ನು ಹಿಡಿಯುತ್ತದೆ. ಜೀನನ್ನು ಎಬ್ಬಿಸುವುದು ಮಾತ್ರ ಇನ್ನೊಂದು ತುದಿ. ಅದಕ್ಕೆ ನಿಂತ ಆಕಾರವಿಲ್ಲ. 1987ರಲ್ಲಿ ಮಾರ್ಕ್ ಟಾಶ್ನೆ ಮತ್ತು ಜುನ್ ಮಾ ಆ ತುದಿಯನ್ನು ಕತ್ತರಿಸಿ, ಅದರ ಜಾಗಕ್ಕೆ ಬ್ಯಾಕ್ಟೀರಿಯಾದ ಡಿಎನ್‌ಎಯಿಂದ ಗೊತ್ತುಗುರಿಯಿಲ್ಲದೆ ಆಯ್ದ ತುಂಡುಗಳು ಹೇಳುವ ಎಳೆಗಳನ್ನು ಜೋಡಿಸಿ ನೋಡಿದರು. ಅವುಗಳಲ್ಲಿ ಕೆಲವು ಜೀನನ್ನು ಎಬ್ಬಿಸಿಯೇ ಬಿಟ್ಟವು! ಬೀಗದ ಕೈ ಆಗಿದ್ದರೆ ಹೀಗಾಗುವುದು ಸಾಧ್ಯವೇ? ಮರುವರ್ಷ ಪಾಲ್ ಸಿಗ್ಲರ್ ಇಂಥ ತುದಿಗಳನ್ನು ಶ್ಯಾವಿಗೆಗೆ ಹೋಲಿಸಿದ. ಮಡಿಕೆಯಿಲ್ಲದ ಪ್ರೋಟೀನುಗಳೂ ಕೆಲಸಗಾರರೇ ಎಂದು ಪೀಟರ್ ರೈಟ್ ಮತ್ತು ಜೇನ್ ಡೈಸನ್ ಒತ್ತಿ ಬರೆದದ್ದು 1999ರಲ್ಲಿ.

ಎಬ್ಬಿಸುವುದು ಹೇಗೆ? ಆ ಎಳೆಯಲ್ಲಿ ಋಣ ವಿದ್ಯುದಂಶದ ಆಮ್ಲಗಳು ಸಾಲಾಗಿರುತ್ತವೆ. ಅವು ಒಂದನ್ನೊಂದು ದೂರ ತಳ್ಳುವುದರಿಂದ ಎಳೆ ಮುದ್ದೆಯಾಗದೆ ಬಿಚ್ಚಿಕೊಂಡಿರುತ್ತದೆ. ಅವುಗಳ ನಡುವೆ ನೀರನ್ನು ಒಲ್ಲದ, ಜಿಡ್ಡಿನ ಗುಣದ ಅಮೈನೊ ಆಮ್ಲಗಳು ಕೂತಿವೆ. ಮಡಿಚಿಕೊಂಡ ಪ್ರೋಟೀನಿನಲ್ಲಾದರೆ ಇವು ಒಳಗೆ ಅವಿತುಕೊಳ್ಳುತ್ತಿದ್ದವು. ಇಲ್ಲಿ ಹೊರಗೇ ಉಳಿದು, ಮೀಡಿಯೇಟರ್ ಎಂಬ ದೊಡ್ಡ ಪ್ರೋಟೀನು ಕೂಟದ ಮೇಲಿನ ತಗ್ಗುಗಳಿಗೆ ತಾಗುತ್ತವೆ, ಜಾರುತ್ತವೆ, ಇನ್ನೊಂದು ಕಡೆಯಿಂದ ಮತ್ತೆ ತಾಗುತ್ತವೆ. ಒಂದೊಂದು ತಾಗುವಿಕೆಯೂ ಸಡಿಲ. ಎಲ್ಲ ಸೇರಿದರೆ ಹಿಡಿತ. ಆ ಹಿಡಿತದಿಂದ ಮೀಡಿಯೇಟರ್ ಜೀನಿನ ಬಳಿಗೆ ಬರುತ್ತದೆ, ಜೀನನ್ನು ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸನ್ನು ಕೆಲಸಕ್ಕೆ ಹಚ್ಚುತ್ತದೆ. ನಮ್ಮ ಮೈಯಲ್ಲಿ ಕ್ಯಾನ್ಸರನ್ನು ತಡೆಯುವ ಪಿ53 ಪ್ರೋಟೀನಿನ ಮೊದಲ ಭಾಗವೂ ಇಂಥದ್ದೇ ಎಳೆ.

ಇದನ್ನು ಕನ್ನಡದಲ್ಲಿ ಏನೆನ್ನೋಣ? ‘ಅವ್ಯವಸ್ಥಿತ ಭಾಗ’ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಆ ಹಳೆಯ ಮೈಲಿಗೆಯ ನೆರಳಿದೆ, ಏನೋ ಕೆಟ್ಟುಹೋಗಿದೆ ಎಂಬ ಸದ್ದಿದೆ. ಕೆಟ್ಟದ್ದೇನೂ ಇಲ್ಲ, ಅದು ಇರಬೇಕಾದದ್ದೇ ಹಾಗೆ. ‘ಮಡಿಯದ ಎಳೆ’ ಎಂದರೆ ಸಾಯದ ಎಳೆ ಎಂದಾಗುತ್ತದೆ, ಏಕೆಂದರೆ ಕಾಳಗದಲ್ಲಿ ವೀರ ಮಡಿಯುವುದೂ ಇದೇ ರೂಪ. ತಮಿಳಿನ ಮಡಿಗೂ ಆ ಎರಡು ಅರ್ಥಗಳಿವೆ. ‘ಮಡಚದ ಎಳೆ’ ಎಂದು ನಾನು ಬರೆಯುತ್ತೇನೆ.

ಹೀಗೆ ಬರೆಯುವಾಗ ನನ್ನ ಕಣ್ಣೆದುರು ಇರುವುದು ಕೈಮಗ್ಗ. ಸೀರೆ ನೇಯ್ದು ಮುಗಿದ ಮೇಲೆ ನೇಕಾರ ಹಾಸನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ. ಸೀರೆಯನ್ನು ಕತ್ತರಿಸಿ ಮಡಿಚಿಟ್ಟು, ಹಣಿಗೆಯಲ್ಲಿ ಗೇಣುದ್ದ ನೂಲನ್ನು ನೇಯದೆ ಹಾಗೇ ಇಳಿಬಿಡುತ್ತಾನೆ. ಹೊಸ ಹಾಸು ಬಂದಾಗ ಮನೆಯವರೊಬ್ಬರು ಮಗ್ಗದ ಹಿಂದೆ ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಜೋಲುವ ಒಂದೊಂದು ಹಳೆಯ ತುದಿಗೂ ಒಂದೊಂದು ಹೊಸ ಎಳೆಯನ್ನು ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆಗಳು. ಕೊನೆಯದು ಕೂಡಿದ ಮೇಲೆ ಹಾಸನ್ನು ಮೆಲ್ಲಗೆ ಮುಂದಕ್ಕೆ ಎಳೆದು, ಲಾಳಿಗೆ ನೂಲು ತುಂಬುತ್ತಾರೆ.