ಶೆಫ್ ಮಿಕ್ಕೀಸ್

ಅಮೆರಿಕದ ಫ್ಲೋರಿಡಾದಲ್ಲಿ, ವಾಲ್ಟ್ ಡಿಸ್ನಿ ವರ್ಲ್ಡ್‌ನ ಕಾಂಟೆಂಪರರಿ ರೆಸಾರ್ಟಿನಲ್ಲಿರುವ ಬಫೆ ಹೋಟೆಲು. ರೆಸಾರ್ಟ್ ತೆರೆದದ್ದು 1971ರಲ್ಲಿ. ಮಾನೋರೈಲು ಕಟ್ಟಡದ ಒಳಗೇ ಹಾದುಹೋಗುತ್ತದೆ. ಊಟದ ನಡುವೆ ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೊ ಎಂಬ ಡಿಸ್ನಿಯ ವೇಷಧಾರಿ ಪಾತ್ರಗಳು ಮೇಜಿನಿಂದ ಮೇಜಿಗೆ ಬರುತ್ತವೆ. ಇವು ಮಾತಾಡುವುದಿಲ್ಲ. ದಪ್ಪ ಕೈಯಲ್ಲಿ ಪೆನ್ನು ಹಿಡಿದು ಮಗುವಿನ ಪುಸ್ತಕದಲ್ಲಿ ಸಹಿ ಹಾಕುತ್ತವೆ, ಹೆದರಿದ ಕೂಸಿನ ಮುಂದೆ ಮಂಡಿಯೂರಿ ಕೈ ಚಾಚುತ್ತವೆ. ಆಗಾಗ ಎಲ್ಲರೂ ಕರವಸ್ತ್ರ ಬೀಸಿ ಸಂಭ್ರಮಿಸುತ್ತಾರೆ.

ಇಂಥ ಊಟವನ್ನು ಬರೀ ರುಚಿಯಿಂದ ಅಳೆಯುವುದು ಸರಿಯಲ್ಲ. ತಟ್ಟೆಯಲ್ಲಿರುವುದು ಸಾಧಾರಣ ಬಫೆ, ದರ ಮಾತ್ರ ದುಬಾರಿ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ಹಣ ಸಲ್ಲುವುದು ಮುಖ್ಯವಾಗಿ ಭೇಟಿಗೆ. ಮಿಕ್ಕಿಯನ್ನು ಪಾರ್ಕಿನಲ್ಲೇ ಬೇರೆ ಖರ್ಚಿಲ್ಲದೆ ಕಾಣಬಹುದಲ್ಲ ಎನ್ನುವವರೂ ಉಂಟು. ನಿಜ, ಆದರೆ ಅಲ್ಲಿ ಒಂದೊಂದು ಪಾತ್ರಕ್ಕೂ ಸರದಿಯಲ್ಲಿ ನಿಲ್ಲಬೇಕು. ಇಲ್ಲಿ ಮಗು ಕುಳಿತಲ್ಲಿಗೇ ಐದೂ ಬರುತ್ತವೆ. ಹಾಗಾಗಿ ನೋಡಬೇಕಾದದ್ದು ಇಷ್ಟು: ಪ್ರತಿ ಪಾತ್ರವೂ ಮೇಜಿಗೆ ಬಂದಿತೇ, ಅವಸರವಿಲ್ಲದೆ ನಿಂತಿತೇ, ಮಗುವಿನ ಸಂಕೋಚವನ್ನು ಗೌರವಿಸಿತೇ. ಗದ್ದಲ ಇಲ್ಲಿನ ನಿಜವಾದ ಕೊರತೆ. ಶಬ್ದಕ್ಕೆ ಬೆದರುವ ಮಕ್ಕಳಿಗೆ ಈ ಜಾಗ ಒಗ್ಗದು. ಪಾತ್ರಗಳ ಹಂಬಲವಿಲ್ಲದ ದೊಡ್ಡವರಿಗೂ ಈ ಬೆಲೆ ತಕ್ಕದ್ದಲ್ಲ. ಮೂರರಿಂದ ಒಂಬತ್ತು ವರ್ಷದವರಿಗೆ ಮಕ್ಕಳ ದರವಿದೆ. ಹೋಗುವವರು ಮುಂಗಡವಾಗಿ ಮೇಜು ಕಾಯ್ದಿರಿಸುವುದು ಒಳ್ಳೆಯದು.