ಎಂಟನೇ ಮೈಲಿಯ ಮೇಷ್ಟ್ರುಗಳು

ನಾಯಂಡಹಳ್ಳಿ ದಾಟಿ ಕೆಂಗೇರಿಯ ಕಡೆ ಹೊರಟರೆ, ಮೈಸೂರು ರಸ್ತೆಯ ಎಂಟನೇ ಮೈಲಿಯ ಆಸುಪಾಸಿನಲ್ಲೇ ಗ್ರಂಥಾಲಯ ವಿಜ್ಞಾನ ಕಲಿಸುವ ಎರಡು ಸಂಸ್ಥೆಗಳಿವೆ. ಒಂದು, ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿರುವ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್. ಈ ವೃತ್ತಿಯವರ ಬಾಯಲ್ಲಿ ಬರೀ ಡಿಆರ್‌ಟಿಸಿ. ಇನ್ನೊಂದು, ಜ್ಞಾನಭಾರತಿಯಲ್ಲಿರುವ ಬೆಂಗಳೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗ. ಕಲಿಸುವ ವಿಷಯ ಒಂದೇ ಆದರೂ ಎರಡರ ಹುಟ್ಟು ಬೇರೆ, ಮೇಷ್ಟ್ರ ದಿನಚರಿಯೂ ಬೇರೆ. ಇವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ವೃತ್ತಿಯ ಒಂದು ವಿಚಿತ್ರ ತಿರುವು ಕಾಣುತ್ತದೆ. ಗ್ರಂಥಪಾಲಕನೂ ಅಧ್ಯಾಪಕನೇ ಎಂದು ವಾದಿಸಿ ಅವನಿಗೆ ಅಧ್ಯಾಪಕರ ವೇತನ ಕೇಳಿದ ಕಾಲ ಒಂದಿತ್ತು. ವೇತನವೇನೋ ಸಿಕ್ಕಿತು. ಆದರೆ ಆಮೇಲೆ ಗ್ರಂಥಾಲಯ ವಿಜ್ಞಾನದ ಅಧ್ಯಾಪಕ ಗ್ರಂಥಾಲಯದಿಂದಲೇ ಹೊರಗೆ ನಡೆದ.

ಮೊದಮೊದಲು ಹೀಗಿರಲಿಲ್ಲ. ಬರೋಡಾದಲ್ಲಿ ಬೋರ್ಡನ್, 1915ರಲ್ಲಿ ಲಾಹೋರಿನಲ್ಲಿ ಡಿಕಿನ್ಸನ್ ಎಂಬ ಅಮೆರಿಕನ್ನರು ತರಗತಿ ನಡೆಸಿದಾಗ ಅವರು ಗ್ರಂಥಾಲಯ ಕಟ್ಟುತ್ತಲೇ ಪಾಠ ಹೇಳಿದವರು. ಮದರಾಸಿನ ಕಥೆಯೂ ಅದೇ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾ ವೃತ್ತಿ ಆರಂಭಿಸಿದ ಎಸ್. ಆರ್. ರಂಗನಾಥನ್ 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದರು. ಈ ಹುದ್ದೆಗೆ ಅವರನ್ನು ಎಳೆದದ್ದು ಪುಸ್ತಕಪ್ರೀತಿ ಎನ್ನುವುದಕ್ಕಿಂತ ಸಂಬಳ ಎನ್ನುವುದೇ ಸರಿ. ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಮೇಷ್ಟ್ರಿಗೆ ಬರುತ್ತಿದ್ದದ್ದಕ್ಕಿಂತ ಇಲ್ಲಿ ಹೆಚ್ಚಿತ್ತು. ಬಂದ ಕೆಲವೇ ದಿನಗಳಲ್ಲಿ ಖಾಲಿ ಕೋಣೆಯ ಏಕಾಂತ ಬೇಸರವಾಗಿ, ಹಳೆಯ ಕೆಲಸಕ್ಕೇ ಕಳಿಸಿ ಎಂದು ಮೇಲಿನವರನ್ನು ಬೇಡಿಕೊಂಡರು. ಲಂಡನ್ನಿಗೆ ಹೋಗಿ ಕಲಿತು ಬಂದ ಮೇಲೆ ಮನಸ್ಸು ಬದಲಾಯಿತು. 1929ರಲ್ಲಿ ಮದರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ ತರಬೇತಿ ಶಾಲೆ ಶುರುವಾಯಿತು, 1931ರಲ್ಲಿ ವಿಶ್ವವಿದ್ಯಾನಿಲಯ ಅದನ್ನು ವಹಿಸಿಕೊಂಡಿತು, 1937ರಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಬಂತು. ಅಲ್ಲಿ ಕಲಿಸಿದವರಿಗೆ ಬೆಳಿಗ್ಗೆ ಓದುಗರ ಮುಂದೆ ನಿಂತು ಎದುರಿಸಿದ ತೊಡಕೇ ಸಂಜೆಯ ಪಾಠ. 1945ರಿಂದ ಎರಡು ವರ್ಷ ಬನಾರಸ್ಸಿನಲ್ಲಿ ರಂಗನಾಥನ್ ಸುಮಾರು ಒಂದು ಲಕ್ಷ ಪುಸ್ತಕಗಳಿಗೆ ಹೆಚ್ಚುಕಡಿಮೆ ಒಬ್ಬರೇ ವರ್ಗಾಂಕ ಹಾಕಿದರು, ಜೊತೆಗೆ ಪಾಠವನ್ನೂ ಮಾಡಿದರು. ಕೆಲಸ ಮತ್ತು ಪಾಠಗಳ ನಡುವೆ ಆಗ ಗೋಡೆ ಇರಲಿಲ್ಲ. ಗೋಡೆ ಎಬ್ಬಿಸಲು ಇನ್ನೊಬ್ಬ ಮನುಷ್ಯನೂ ಇರಲಿಲ್ಲ ಎಂಬುದೂ ನಿಜ.

ಸಂಬಳದ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಗ್ರಂಥಪಾಲಕ ಎಂದರೆ ಬೀಗದ ಕೈ ಇಟ್ಟುಕೊಂಡ ಗುಮಾಸ್ತ ಎಂದು ಆಡಳಿತಗಾರರು ಎಣಿಸಿರುವವರೆಗೆ ಒಳ್ಳೆಯ ಪದವೀಧರರು ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಅವರ ಲೆಕ್ಕ. ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 1957ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಸಮಿತಿ ನೇಮಿಸಿತು. ಗ್ರಂಥಾಲಯದ ವೃತ್ತಿಪರರಿಗೆ ಪ್ರೊಫೆಸರ್, ರೀಡರ್, ಲೆಕ್ಚರರ್‌ಗಳಿಗೆ ಸಮನಾದ ಸ್ಥಾನ ಮತ್ತು ವೇತನ ಕೊಡಬೇಕೆಂದು ಆ ಸಮಿತಿ ಹೇಳಿತು. ಮೂರನೇ ಪಂಚವಾರ್ಷಿಕ ಯೋಜನೆಯ ಕಾಲಕ್ಕೆ ಯುಜಿಸಿಯ ಲೆಕ್ಚರರ್ ಶ್ರೇಣಿ 400ರಿಂದ 800 ರೂಪಾಯಿ, ರೀಡರ್‌ಗೆ 700ರಿಂದ 1,100, ಪ್ರೊಫೆಸರ್‌ಗೆ 1,000ದಿಂದ 1,500. ಪುಸ್ತಕದ ಕಪಾಟಿನ ಪಕ್ಕ ಕೂತವನಿಗೂ ಇದೇ ಸಲ್ಲಬೇಕು ಎಂದರೆ ಎಷ್ಟೋ ವಿಶ್ವವಿದ್ಯಾನಿಲಯಗಳ ಹಣಕಾಸು ಅಧಿಕಾರಿಗಳಿಗೆ ತಮಾಷೆಯಂತೆ ಕಂಡಿರಬೇಕು. ಎಲ್ಲರೂ ಒಂದೇ ಏಟಿಗೆ ಒಪ್ಪಲೂ ಇಲ್ಲ. ಆದರೂ ವಾದ ನಿಧಾನವಾಗಿ ಗೆದ್ದಿತು. ಲೆಕ್ಚರರ್ ಶ್ರೇಣಿ 1973ರಲ್ಲಿ 700–1,600, 1986ರಲ್ಲಿ 2,200–4,000, 1996ರಲ್ಲಿ 8,000–13,500 ಎಂದು ಏರಿತು. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿ, ಪ್ರೊಫೆಸರ್‌ಗೆ 1,44,200. ವಿಶ್ವವಿದ್ಯಾನಿಲಯದ ಸಹಾಯಕ ಗ್ರಂಥಪಾಲಕರೂ ಗ್ರಂಥಪಾಲಕರೂ ಇಂದು ಇವೇ ಮೆಟ್ಟಿಲುಗಳ ಮೇಲೆ ನಿಂತಿದ್ದಾರೆ. ಒಂದು ತಲೆಮಾರಿನ ಹೋರಾಟಕ್ಕೆ ಇದು ಸಣ್ಣ ಫಲವಲ್ಲ.

ರಂಗನಾಥನ್ ಬೆಂಗಳೂರಿಗೆ ಬಂದದ್ದು 1957ರಲ್ಲಿ. 1962ರ ಜನವರಿಯಲ್ಲಿ ಪಿ. ಸಿ. ಮಹಾಲನೋಬಿಸ್ ಅವರ ಬೆಂಬಲದಿಂದ ಡಿಆರ್‌ಟಿಸಿ ಆರಂಭವಾಯಿತು. ರಂಗನಾಥನ್ ಅಲ್ಲಿ ಗೌರವ ಪ್ರಾಧ್ಯಾಪಕರು. ನೀಲಮೇಘನ್, ಗೋಪಿನಾಥ್, ಭಟ್ಟಾಚಾರ್ಯರಂಥವರು ಅವರ ಜೊತೆಯಲ್ಲೂ ಅವರ ನಂತರವೂ ಅದನ್ನು ನಡೆಸಿದರು. ಇದು ವಿಶ್ವವಿದ್ಯಾನಿಲಯದ ವಿಭಾಗವಲ್ಲ, ಸಂಶೋಧನಾ ಸಂಸ್ಥೆಯ ಒಂದು ಘಟಕ. ಆದ್ದರಿಂದ ಇಲ್ಲಿನ ಬೋಧಕನ ಕರ್ತವ್ಯ ತರಗತಿಗಳ ಎಣಿಕೆಯಿಂದ ಶುರುವಾಗಲಿಲ್ಲ. ಹೊಸ ವಿಷಯವೊಂದಕ್ಕೆ ವರ್ಗೀಕರಣದ ಪಟ್ಟಿ ಹೆಣೆಯುವುದು, ಕಾರ್ಖಾನೆಯ ಎಂಜಿನಿಯರಿಗೆ ಬೇಕಾದ ಲೇಖನ ಯಾವ ಪತ್ರಿಕೆಯಲ್ಲಿದೆ ಎಂದು ಹುಡುಕಿ ಕೊಡುವ ವಿಧಾನ ರೂಪಿಸುವುದು, ಅದನ್ನು ವಾರ್ಷಿಕ ಸೆಮಿನಾರಿನಲ್ಲಿ ಸಹವೃತ್ತಿಯವರ ಮುಂದಿಟ್ಟು ಬೈಸಿಕೊಳ್ಳುವುದು, ಇವೆಲ್ಲ ಪಾಠದ ಭಾಗವೇ ಆಗಿದ್ದವು. ವಿದ್ಯಾರ್ಥಿಗಳು ಬೆರಳೆಣಿಕೆಯವರು. ಆಗ ಬೆಂಗಳೂರಿನಲ್ಲಿ ಎಚ್ಎಂಟಿ, ಎಚ್ಎಎಲ್, ಬಿಇಎಲ್, ವಿಜ್ಞಾನ ಸಂಸ್ಥೆ ಎಲ್ಲವೂ ಮಾಹಿತಿಗೆ ಹಸಿದಿದ್ದವು ಎಂಬುದನ್ನು ಮರೆತರೆ, ದಾಖಲೆಗಳ ನಿರ್ವಹಣೆಯನ್ನೇ ವಿಷಯವಾಗಿಸಿಕೊಂಡ ಶಾಲೆ ಇದೇ ಊರಲ್ಲಿ ಏಕೆ ಬೇರುಬಿಟ್ಟಿತು ಎಂಬುದು ತಿಳಿಯುವುದಿಲ್ಲ. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕಿ, ತರಬೇತಾದ ಗ್ರಂಥಪಾಲಕರಿಗೆ ರಾಜ್ಯದ ತುಂಬ ಕೆಲಸದ ದಾರಿ ತೆರೆಯಿತು. ಕಲಿಸುವವರ ಬೇಡಿಕೆ ಅಲ್ಲಿಂದ ಹೆಚ್ಚಿತು.

ಆ ಬೇಡಿಕೆಯನ್ನು ತುಂಬಿದ್ದು ಮುಖ್ಯವಾಗಿ ವಿಶ್ವವಿದ್ಯಾನಿಲಯಗಳು. ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1964ರಲ್ಲಿ. ಎಪ್ಪತ್ತರ ದಶಕದಲ್ಲಿ ಅದು ಜ್ಞಾನಭಾರತಿಯ ಸಾವಿರಕ್ಕೂ ಹೆಚ್ಚು ಎಕರೆಯ ಬಯಲಿಗೆ ಹರಡಿಕೊಂಡಿತು. ಇಲ್ಲಿ ಗ್ರಂಥಾಲಯ ವಿಜ್ಞಾನ ಇತಿಹಾಸ, ರಸಾಯನಶಾಸ್ತ್ರಗಳ ಹಾಗೆ ಒಂದು ವಿಭಾಗ. ಮೇಷ್ಟ್ರು ಡ್ಯೂಯಿ ದಶಮಾಂಶ ಪದ್ಧತಿಯ ಅಂಕಿ ಕಟ್ಟಿಸಬೇಕು, ಸೂಚೀಕರಣದ ಪ್ರಾಯೋಗಿಕ ತರಗತಿ ನಡೆಸಬೇಕು, ಪ್ರಶ್ನೆಪತ್ರಿಕೆ ತಯಾರಿಸಬೇಕು, ಉತ್ತರಪತ್ರಿಕೆ ತಿದ್ದಬೇಕು, ಪಿಎಚ್‌ಡಿಗೆ ಮಾರ್ಗದರ್ಶನ ಮಾಡಬೇಕು, ನ್ಯಾಕ್ ತಂಡ ಬರುವ ಮುನ್ನ ಕಡತ ಜೋಡಿಸಬೇಕು. ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಮೇಲಿನವರಿಗೆ 14 ಗಂಟೆ ನೇರ ಬೋಧನೆ ಎಂದಿದೆ. ಬಡ್ತಿಗೆ ಪ್ರಕಟಿಸಿದ ಲೇಖನಗಳ ಲೆಕ್ಕವೂ ಬೇಕು. ಈ ಪಟ್ಟಿಯಲ್ಲಿ ಎಲ್ಲಿಯೂ ಓದುಗನ ಎದುರು ಕೂರುವ ಗಂಟೆ ಇಲ್ಲ. ಅದೇ ಆವರಣದ ವಿಶ್ವವಿದ್ಯಾನಿಲಯ ಗ್ರಂಥಾಲಯಕ್ಕೆ ವಿಭಾಗದ ಮೇಷ್ಟ್ರು ಹೋಗುವುದು ಹೋದರೆ ಓದುಗನಾಗಿ.

ವಿಭಾಗ ಬೇರೆಯಾಗದಿದ್ದರೆ ಸಂಶೋಧನೆಯೇ ಹುಟ್ಟುತ್ತಿರಲಿಲ್ಲ, ಗ್ರಂಥಪಾಲಕನ ತಲೆಯ ಮೇಲೆ ಪಾಠದ ಹೊರೆ ಹೊರಿಸಿದ್ದು ಬಡತನದ ಏರ್ಪಾಡು ಎಂದು ಯಾರಾದರೂ ಹೇಳಬಹುದು. ಬನಾರಸ್ಸಿನ ಉದಾಹರಣೆ ನೋಡಿದರೆ ಅರ್ಧ ಒಪ್ಪಲೇಬೇಕು. ಒಬ್ಬ ಮನುಷ್ಯ ಎರಡು ಹುದ್ದೆ ಮಾಡುವುದು ಮಾದರಿಯಲ್ಲ. ಆದರೆ ವೈದ್ಯಕೀಯ ಕಾಲೇಜುಗಳಲ್ಲಿ ವಿಭಾಗಗಳು ಪ್ರತ್ಯೇಕವಾಗಿಯೇ ಇವೆ, ಸಂಶೋಧನೆಯೂ ಇದೆ. ಹಾಗೆಂದು ಶಸ್ತ್ರಚಿಕಿತ್ಸೆಯ ಪ್ರೊಫೆಸರ್ ವಿಕ್ಟೋರಿಯಾ ಆಸ್ಪತ್ರೆಯ ವಾರ್ಡಿಗೆ ಕಾಲಿಡದೆ ನಿವೃತ್ತನಾಗುವುದಿಲ್ಲ. ಸಮಸ್ಯೆ ವಿಭಾಗದ್ದಲ್ಲ, ಯಾವ ಕೆಲಸವನ್ನು ಕೆಲಸವೆಂದು ಎಣಿಸುತ್ತೇವೆ ಎಂಬುದರದ್ದು. ವೇತನ ಸಮಾನವಾದ ಮೇಲೂ ಸರ್ಕಾರ ಈ ಇಬ್ಬರನ್ನು ಬೇರೆಬೇರೆ ಜಾತಿಯೆಂದೇ ನೋಡಿತು ಎಂಬುದಕ್ಕೆ 2008ರ ಕೇಂದ್ರದ ಆದೇಶವೇ ಸಾಕ್ಷಿ. ಕೇಂದ್ರದ ಶಿಕ್ಷಣ ಸಂಸ್ಥೆಗಳಲ್ಲಿ ಅಧ್ಯಾಪಕರ ನಿವೃತ್ತಿ ವಯಸ್ಸು 65ಕ್ಕೆ ಏರಿತು, ಗ್ರಂಥಪಾಲಕರದು 62ಕ್ಕೇ ನಿಂತಿತು. ಗ್ರಂಥಪಾಲಕರಿಗೆ ಕೊರತೆಯಿಲ್ಲ ಎಂಬುದು ಕೊಟ್ಟ ಕಾರಣ. ಒಂದೇ ಪದವಿ ಪಡೆದು, ಒಂದೇ ನೆಟ್ ಪರೀಕ್ಷೆ ಪಾಸಾಗಿ, ಒಂದೇ ಶ್ರೇಣಿಯಲ್ಲಿ ಸಂಬಳ ಎಣಿಸಿದವರ ನಡುವೆ ಮೂರು ವರ್ಷದ ಅಂತರ. ಹೀಗಿರುವಾಗ ಬುದ್ಧಿವಂತ ವಿದ್ಯಾರ್ಥಿ ಕಪಾಟಿನಿಂದ ಕರಿಹಲಗೆಯ ಕಡೆ ಸರಿಯುವುದರಲ್ಲಿ ಅಚ್ಚರಿಯೇನಿದೆ?

ಇನ್ನೊಂದು ಆಕ್ಷೇಪ ತಂತ್ರಜ್ಞಾನದ ಹೆಸರಿನಲ್ಲಿ ಬರುತ್ತದೆ. ಕಪಾಟೇ ಕರಗುತ್ತಿರುವಾಗ ಮೇಷ್ಟ್ರು ಅದರ ಮುಂದೆ ನಿಲ್ಲಬೇಕೇಕೆ ಎಂದು. ಇದಕ್ಕೆ ಉತ್ತರ ಎಂಟನೇ ಮೈಲಿಯಲ್ಲೇ ಇದೆ. ಈ ಶತಮಾನದ ಆರಂಭದಲ್ಲಿ ಡಿಆರ್‌ಟಿಸಿಯವರು ಡಿಸ್ಪೇಸ್ ತಂತ್ರಾಂಶವನ್ನು ತಾವೇ ಅಳವಡಿಸಿ, ಗ್ರಂಥಪಾಲಕರ ಬರಹಗಳಿಗೆ ಡಿಜಿಟಲ್ ಭಂಡಾರ ನಡೆಸಿ, ಅದೇ ಅನುಭವದಿಂದ ಇತರರಿಗೆ ಕಾರ್ಯಾಗಾರ ಮಾಡಿದರು. ಸಾಧನ ಬದಲಾದರೂ ಕೈಯಲ್ಲಿ ಮಾಡಿದವನೇ ಕಲಿಸಿದ. ಇನ್ನು ಓದುಗನಂತೂ ಎಲ್ಲೂ ಹೋಗಿಲ್ಲ. ವಿಜಯನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಮ್ಮದೇ ಪುಸ್ತಕ ಹೊತ್ತು ಬರುತ್ತಾರೆ. ಅವರಿಗೆ ಬೇಕಾದದ್ದು ಮೇಜು, ಬೆಳಕು, ಫ್ಯಾನು. ಇಂಥ ಗ್ರಂಥಾಲಯವನ್ನು ಹೇಗೆ ನಡೆಸಬೇಕು, ಪಾಲಿಕೆ ವಸೂಲಿ ಮಾಡಿಯೂ ಪೂರ್ತಿ ದಾಟಿಸದ ಗ್ರಂಥಾಲಯ ಕರವನ್ನು ಹೇಗೆ ಕೇಳಬೇಕು ಎಂಬುದು ಪಠ್ಯಕ್ರಮಕ್ಕೆ ಬರಬೇಕಾದರೆ ಯಾರಾದರೂ ಮೇಷ್ಟ್ರು ಅಲ್ಲಿ ಹೋಗಿ ಕೂರಬೇಕಲ್ಲ.

ಕೂರಲು ಮೇಷ್ಟ್ರೇ ಇಲ್ಲ ಎಂಬುದು ಕೊನೆಯ ಆಕ್ಷೇಪ, ಇರುವುದರಲ್ಲಿ ಗಟ್ಟಿಯಾದದ್ದೂ ಹೌದು. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಕಾಯಂ ಹುದ್ದೆಗಳು ಖಾಲಿ ಬಿದ್ದು ಪಾಠ ಅತಿಥಿ ಉಪನ್ಯಾಸಕರ ಕೈಗೆ ಬಂದಿದೆ. ಯುಜಿಸಿ 2019ರಲ್ಲಿ ಅವರಿಗೆ ತರಗತಿಗೆ 1,500 ರೂಪಾಯಿ, ತಿಂಗಳಿಗೆ 50,000 ಮೀರಬಾರದು ಎಂದಿತು. ಮಿತಿ ಇರುವುದು ಮೇಲ್ಗಡೆ ಮಾತ್ರ, ಕೆಳಗಡೆ ಇಲ್ಲ. ತರಗತಿಯ ಲೆಕ್ಕದಲ್ಲಿ ಕೂಲಿ ಪಡೆಯುವವನನ್ನು ಗ್ರಂಥಾಲಯದಲ್ಲಿ ಎರಡು ಗಂಟೆ ಕೂರು ಎಂದರೆ ಅದು ಬಿಟ್ಟಿ ದುಡಿಮೆ. ಕಾಯಂ ಬೋಧಕರ ವಿಷಯ ಬೇರೆ: 16 ಗಂಟೆಗಳಲ್ಲಿ ನಾಲ್ಕನ್ನು ಜ್ಞಾನಭಾರತಿಯ ಗ್ರಂಥಾಲಯದ ಪರಾಮರ್ಶನ ಮೇಜಿಗೆ, ವಿದ್ಯಾರ್ಥಿಗಳ ಜೊತೆಯಲ್ಲೇ, ಪ್ರಾಯೋಗಿಕವೆಂದು ಎಣಿಸಲು ಹೊಸ ಹುದ್ದೆ ಬೇಡ, ಕಾರ್ಯಭಾರದ ಆದೇಶದಲ್ಲಿ ಒಂದು ಸಾಲು ಸಾಕು. ಆ ನಾಲ್ಕು ಗಂಟೆಯ ಹಾಜರಿಗೆ ವಿಭಾಗದ ಮುಖ್ಯಸ್ಥರು ಸಹಿ ಹಾಕಬೇಕೋ ಗ್ರಂಥಪಾಲಕರೋ ಎಂಬಲ್ಲಿ ಜಗಳ ಹತ್ತುವುದಂತೂ ಖಚಿತ.