ಗೇರುಹಣ್ಣಿನ ಭಟ್ಟಿ: ಗೋವೆಯಲ್ಲಿ ಮತ್ತು ನಮ್ಮಲ್ಲಿ

ಸುಗ್ಗಿ, ಪಗ್ಗು ತಿಂಗಳಲ್ಲಿ ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ನಡೆದಾಡಿದವರಿಗೆ ಒಂದು ವಾಸನೆ ಚೆನ್ನಾಗಿ ಗೊತ್ತುಂಟು. ಗೇರುಮರದ ಅಡಿಯಲ್ಲಿ ಹಣ್ಣು ಬಿದ್ದು, ಕೊಳೆತು, ಹುಳಿಯಾಗುವ ವಾಸನೆ. ನಾವು ಬೀಜವನ್ನು ತಿರುಪಿ ತೆಗೆದು ಬುಟ್ಟಿಗೆ ಹಾಕುತ್ತೇವೆ, ಹಣ್ಣನ್ನು ಅಲ್ಲೇ ಎಸೆಯುತ್ತೇವೆ. ದನ ತಿಂದರೆ ತಿಂದಿತು. ಮಕ್ಕಳು ಉಪ್ಪು ಹಚ್ಚಿ ಒಂದೆರಡು ತಿಂದು, ಅಂಗಿಗೆ ಕಲೆ ಮಾಡಿಕೊಂಡು ಅಮ್ಮನಿಂದ ಬೈಸಿಕೊಳ್ಳುವುದೂ ಉಂಟು. ಹಣ್ಣಿನ ತೂಕ ಬೀಜದ ತೂಕಕ್ಕಿಂತ ಕಡಿಮೆಯೆಂದರೂ ಐದಾರು ಪಟ್ಟು ಹೆಚ್ಚು. ಅಂದರೆ ಒಂದು ಕಿಲೋ ಬೀಜ ಮನೆಗೆ ಬಂತೆಂದರೆ ಐದಾರು ಕಿಲೋ ಹಣ್ಣು ಮಣ್ಣಿಗೆ ಹೋಯಿತೆಂದೇ ಲೆಕ್ಕ.

ಇದೇ ಹಣ್ಣಿನಿಂದ ಗೋವೆಯವರು ಫೆನಿ ಇಳಿಸುತ್ತಾರೆ. ಸರ್ಕಾರವೇ ಅದನ್ನು ತಮ್ಮ ನಾಡಿನ ಪರಂಪರೆ ಎಂದು ಹೇಳುತ್ತದೆ. ನಮ್ಮ ಊರಲ್ಲಿ ಯಾರಾದರೂ ಹಾಗೆ ಮಾಡಿದರೆ ಅಬಕಾರಿಯವರ ಜೀಪು ಬರುತ್ತದೆ. ಒಂದೇ ಕರಾವಳಿ, ಒಂದೇ ಮರ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿಯುವ ಕುತೂಹಲದಿಂದ ಎರಡು ಬೇಸಿಗೆ ರಜೆಗಳಲ್ಲಿ ಗೋವೆಗೆ ಹೋಗಿ ಭಟ್ಟಿಗಳನ್ನು ನೋಡಿ ಬಂದೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಮಡಗಾಂವ್ ನಮಗೆ ದೂರವೇನಲ್ಲ, ರಾತ್ರಿ ಹತ್ತಿದರೆ ಬೆಳಗ್ಗೆ ಅಲ್ಲಿ.

ಮೊದಲು ಮರದ ವಿಷಯ. ಗೇರು ನಮ್ಮ ನಾಡಿನದ್ದಲ್ಲ, ಬ್ರೆಜಿಲಿನದ್ದು. ಅಲ್ಲಿನ ತುಪಿ ಜನರ ‘ಅಕಾಜು’ ಎಂಬ ಹೆಸರು ಪೋರ್ಚುಗೀಸರ ಬಾಯಲ್ಲಿ ‘ಕಾಜು’ ಆಯಿತು. ಕೊಂಕಣಿಯವರು ಈಗಲೂ ಹಾಗೆಯೇ ಹೇಳುತ್ತಾರೆ. ನಮ್ಮ ಪಕ್ಕದ ಮನೆಯ ಮಲಯಾಳಿಗಳಿಗೆ ಅದು ‘ಪರಂಗಿಮಾವು’, ಅಂದರೆ ಪರಂಗಿಯವರ ಮಾವು. ಘಟ್ಟದ ಮೇಲಿನ ಕನ್ನಡದಲ್ಲಿ ಅದೇ ‘ಪರಂಗಿ’ ಪಪ್ಪಾಯಿಗೆ ಹೋಗಿ ಅಂಟಿಕೊಂಡಿತು. ನಮ್ಮ ‘ಗೇರು’ ಮಾತ್ರ ಹಳೆಯ ಮಾತು. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಹೆಸರನ್ನು ಅದೇ ಕುಟುಂಬದ ಹೊಸ ಮರಕ್ಕೂ ಕೊಟ್ಟೆವು. ಹೊರಗಿನಿಂದ ಬಂದ ಮರವನ್ನು ಒಬ್ಬೊಬ್ಬರು ಒಂದೊಂದು ಹೆಸರಿಟ್ಟು ಮನೆಯೊಳಗೆ ಕರೆದುಕೊಂಡ ಬಗೆ ಇದು.

ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ತ 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಔಷಧಸಸ್ಯಗಳ ಪುಸ್ತಕದಲ್ಲಿ ಗೇರಿನ ಮಾತೇ ಇಲ್ಲ. ಹದಿನೈದು ವರ್ಷ ಕಳೆದು 1578ರಲ್ಲಿ ಕ್ರಿಸ್ತೋವಾವ್ ದ ಕೋಸ್ತ ಬರೆದ ಪುಸ್ತಕದಲ್ಲಿ ಗೇರುಮರದ ವರ್ಣನೆ ಬರುತ್ತದೆ, ಅದೂ ಕೊಚ್ಚಿಯಲ್ಲಿ ಕಂಡದ್ದು. ಆದರೆ ಓರ್ತನ ಪುಸ್ತಕದಲ್ಲಿ ಇನ್ನೊಂದು ಸಂಗತಿ ಉಂಟು. ತೆಂಗಿನ ಕಳ್ಳನ್ನು ‘ಸುರ’ ಎನ್ನುತ್ತಾರೆ, ಅದನ್ನು ಭಟ್ಟಿ ಇಳಿಸಿದರೆ ಬೆಂಕಿ ಹತ್ತಿಕೊಳ್ಳುವಷ್ಟು ಕಡಕ್ಕಾದ ‘ಒರ್ರಾಕ’ ಬರುತ್ತದೆ ಎಂದು ಅವನು ಬರೆದಿದ್ದಾನೆ. ಅಂದರೆ ಗೇರುಹಣ್ಣು ಬರುವ ಮೊದಲೇ ಭಟ್ಟಿ ಇತ್ತು, ಇಳಿಸುವವನೂ ಇದ್ದ. ಹೊಸ ಹಣ್ಣು ಹಳೆಯ ಒಲೆಯ ಮೇಲೆ ಬಂದು ಕೂತಿತು, ಅಷ್ಟೆ.

ನಾನು ನೋಡಿದ ಮೊದಲ ಭಟ್ಟಿ ಸತ್ತರಿ ತಾಲೂಕಿನ ಕಾಡಂಚಿನಲ್ಲಿ. ಬೋರ್ಡು ಇಲ್ಲ, ಟಿಕೇಟು ಇಲ್ಲ. ಮಡಲಿನ ಮಾಡು, ಹೊಗೆ, ಸುತ್ತ ಕಟ್ಟಿಗೆ ರಾಶಿ. ಗೋವೆಯವರು ಹಣ್ಣನ್ನು ಕೊಯ್ಯುವುದಿಲ್ಲ, ಮಾಗಿ ತಾನಾಗಿ ಉದುರಿದ್ದನ್ನೇ ಹೆಕ್ಕುತ್ತಾರೆ. ಬೀಜ ತೆಗೆದ ಹಣ್ಣನ್ನು ಬಂಡೆಯಲ್ಲಿ ಕೊರೆದ ಒಂದು ತೊಟ್ಟಿಗೆ ಸುರಿಯುತ್ತಾರೆ. ಅದಕ್ಕೆ ‘ಕೊಳಂಬಿ’ ಎಂದು ಹೆಸರು. ಅದರೊಳಗೆ ಇಳಿದು ಕಾಲಿನಿಂದ ತುಳಿಯುತ್ತಾರೆ. ಈಗ ಹೆಚ್ಚಿನ ಕಡೆ ಹಣ್ಣು ಅರೆಯುವ ಮೆಶಿನು ಬಂದಿದೆ. ತುಳಿದು ಉಳಿದ ಚರಟವನ್ನು ಗುಡ್ಡೆ ಮಾಡಿ ಮೇಲೆ ಭಾರ ಹೇರಿದರೆ ತೊಟ್ಟು ತೊಟ್ಟಾಗಿ ಇಳಿಯುವ ತಿಳಿರಸವೇ ‘ನೀರೊ’. ಅದರಲ್ಲಿ ಅಮಲಿಲ್ಲ. ನಾನು ಒಂದು ಲೋಟ ಕುಡಿದೆ. ಸಿಹಿ, ಸ್ವಲ್ಪ ಒಗರು, ಹಣ್ಣಿನ ಪರಿಮಳ. ನಮ್ಮ ಊರಿನ ಸಹಸ್ರ ಮರಗಳ ಅಡಿಯಲ್ಲಿ ಇಂಥದ್ದು ಪ್ರತಿ ವರ್ಷ ಮಣ್ಣು ಸೇರುತ್ತದಲ್ಲ ಎಂದು ಆಗ ಅನಿಸಿತು.

ತುಳಿದಾಗ ಬಂದ ರಸವನ್ನು ಎರಡು ಮೂರು ದಿವಸ ಹಾಗೇ ಇಡುತ್ತಾರೆ. ಗಾಳಿಯಲ್ಲಿಯೂ ಹಣ್ಣಿನ ಮೈಮೇಲೆಯೂ ಇರುವ ಯೀಸ್ಟೇ ಅದನ್ನು ಹುಳಿ ಬರಿಸುತ್ತದೆ, ಬೇರೆ ಏನನ್ನೂ ಹಾಕುವ ಕ್ರಮ ಇಲ್ಲ. ನೊರೆ ಏಳುವುದು ನಿಂತಾಗ ತಾಮ್ರದ ಹಂಡೆಗೆ ಹಾಕಿ ಬೆಂಕಿ ಕೊಡುತ್ತಾರೆ. ಹಂಡೆಗೆ ‘ಭಾಣ್’ ಎನ್ನುತ್ತಾರೆ. ಹಿಂದೆ ಅದು ಮಣ್ಣಿನದ್ದಾಗಿತ್ತು. ಇಲ್ಲಿ ನಡೆಯುವುದು ನಮ್ಮ ಹೈಸ್ಕೂಲಿನ ವಿಜ್ಞಾನವೇ. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಮದ್ಯಸಾರ ಸುಮಾರು 78ರಲ್ಲಿ. ಹಾಗಾಗಿ ಮದ್ಯಸಾರವೇ ಹೆಚ್ಚಿರುವ ಆವಿ ಮೊದಲು ಏಳುತ್ತದೆ. ಅದು ಕೊಳವೆಯಲ್ಲಿ ಹಾದು, ತಣ್ಣೀರಿನಲ್ಲಿ ಕೂರಿಸಿದ ಇನ್ನೊಂದು ಪಾತ್ರೆಗೆ ಬಂದು ಹನಿಯಾಗುತ್ತದೆ. ಹಳೆಯ ಕ್ರಮದಲ್ಲಿ ಈ ಪಾತ್ರೆಯ ಮೇಲೆ ತಣ್ಣೀರು ಹೊಯ್ಯಲು ಒಬ್ಬ ಆಳು ಕೂತೇ ಇರಬೇಕು. ಈಗ ನೀರಿನ ಟಾಂಕಿಯೊಳಗೆ ಸುರುಳಿ ಕೊಳವೆ ಇಟ್ಟಿದ್ದಾರೆ.

ಮೊದಲ ಸಲ ಇಳಿದದ್ದು ‘ಉರ್ರಾಕ್’. ಓರ್ತ ಬರೆದ ಒರ್ರಾಕವೂ ನಮ್ಮ ‘ಅರಕು’ ಎಂಬ ಮಾತೂ ಅದರ ದಾಯಾದಿಗಳು, ಮೂಲ ಅರಬ್ಬಿಯದ್ದು. ಉರ್ರಾಕ್ ಹೆಚ್ಚು ದಿನ ನಿಲ್ಲುವುದಿಲ್ಲ, ಬೇಸಿಗೆಯಲ್ಲೇ ಮುಗಿಯಬೇಕು. ಅದಕ್ಕೆ ಹುಳಿ ಬಂದ ರಸ ಸೇರಿಸಿ ಮತ್ತೆ ಇಳಿಸಿದರೆ ಫೆನಿ, ನೂರಕ್ಕೆ ಸುಮಾರು 42 ಪಾಲು ಮದ್ಯಸಾರ. ಇದನ್ನು ಅಳೆಯುವುದು ಗಾಜಿನ ತೇಲುಕಡ್ಡಿಯಲ್ಲಿ, ‘ಗ್ರಾವ್’ ಎಂಬ ಪೋರ್ಚುಗೀಸ್ ಲೆಕ್ಕದಲ್ಲಿ. ಆದರೆ ಹಳಬರು ಕಡ್ಡಿ ನೋಡುವುದಿಲ್ಲ, ಸೀಸೆ ಕುಲುಕಿ ನೊರೆ ನೋಡುತ್ತಾರೆ. ಕೊಂಕಣಿಯಲ್ಲಿ ‘ಫೇಣ್’ ಎಂದರೆ ನೊರೆ, ಹೆಸರು ಬಂದದ್ದು ಅಲ್ಲಿಂದಲೇ.

ಆ ಭಟ್ಟಿಯಲ್ಲಿ ಕೆಲಸಕ್ಕಿದ್ದವರಲ್ಲಿ ಹಾವೇರಿ ಕಡೆಯ ಒಬ್ಬರಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಮಾತಿಗೆ ಕೂತರು. ನಮ್ಮಲ್ಲಿ ಹಣ್ಣು ಎಸೆಯುತ್ತೇವೆ ಎಂದೆ. “ಏನ್ರೀ ಸರ, ಇಷ್ಟ್ ಹಣ್ಣು ಚೆಲ್ಲಿಬಿಡ್ತೀರಾ? ಇಲ್ಲಿ ಇದರ ಮ್ಯಾಲೆ ಎರಡು ತಿಂಗಳ ನಮ್ಮ ಹೊಟ್ಟಿ ನಡೀತೈತ್ರಿ” ಎಂದರು.

ತೆಂಗಿನ ಫೆನಿ ನೋಡಲು ಸಾಷ್ಟಿ ತಾಲೂಕಿಗೆ ಹೋಗಬೇಕು. ಕಳ್ಳು ಇಳಿಸಿ ಭಟ್ಟಿ ಮಾಡುವವರನ್ನು ಅಲ್ಲಿ ‘ರೆಂದೇರ್’ ಎನ್ನುತ್ತಾರೆ. ಗೇಣಿಗೆ ಹಿಡಿದವನು ಎಂಬ ಅರ್ಥದ ಪೋರ್ಚುಗೀಸ್ ಮಾತು ಅದು. ಸರ್ಕಾರದ ಹಕ್ಕನ್ನು ಗೇಣಿಗೆ ಹಿಡಿದವನು ಎಂಬುದು ಕಸುಬಿನ ಹೆಸರಾಗಿ, ಕೊನೆಗೆ ಮನೆತನದ ಗುರುತೇ ಆಗಿಬಿಟ್ಟಿದೆ. ನಾನು ಕಂಡ ರೆಂದೇರರು ಎಪ್ಪತ್ತು ದಾಟಿದವರು. ಸೊಂಟಕ್ಕೆ ಕತ್ತಿ ಕಟ್ಟುವ ಕ್ರಮ, ಕೊಂಬನ್ನು ಬಡಿದು ಹದಮಾಡುವ ಕ್ರಮ, ಎಲ್ಲ ನಮ್ಮ ಮೂರ್ತೆಯವರದ್ದೇ. “ಬಾಬ್, ಮರ ಹತ್ತಲು ಮಕ್ಕಳು ಒಪ್ಪುವುದಿಲ್ಲ, ಹಡಗಿಗೆ ಹೋಗುತ್ತಾರೆ” ಎಂದರು. ನಮ್ಮಲ್ಲಿ ಗಲ್ಫಿಗೆ ಹೋಗುತ್ತಾರೆ.

ಗೋವೆಯಲ್ಲಿ ಈಗ ಇನ್ನೊಂದು ಬಗೆಯ ಭಟ್ಟಿಯೂ ಉಂಟು. ಕುಂಕಳ್ಳಿಯಲ್ಲಿ ಬೆಂಗಳೂರಿನ ಜಾನ್ ಡಿಸ್ಟಿಲರೀಸಿನವರ ಪಾಲ್ ಜಾನ್ ವಿಸ್ಕಿ ಕಾರ್ಖಾನೆ ಇದೆ. ಬಾರ್ಲಿ ಬರುವುದು ಉತ್ತರ ಭಾರತದಿಂದ, ಭಟ್ಟಿ ಇಳಿಸಿ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ನಮ್ಮ ಸೆಕೆಗೆ ಪೀಪಾಯಿಯಿಂದ ಆರಿಹೋಗುವ ಪಾಲು ಸ್ಕಾಟ್ಲೆಂಡಿನದ್ದಕ್ಕಿಂತ ಎಷ್ಟೋ ಹೆಚ್ಚು, ಹಾಗೆಯೇ ಮಾಗುವುದೂ ಬೇಗ. ಅಲ್ಲಿ ನೋಡಲು ಬರುವವರಿಗೆಂದೇ ವ್ಯವಸ್ಥೆ ಮಾಡಿದ್ದಾರೆ. ಈ ಹತ್ತು ವರ್ಷದಲ್ಲಿ ಜಿನ್ ತಯಾರಿಸುವ ಹೊಸಬರೂ ಬಂದಿದ್ದಾರೆ. ಜೂನಿಪರ್ ಎಂಬ ಪರದೇಶದ ಕಾಯಿಗೆ ನಮ್ಮ ಕಾಳುಮೆಣಸು, ಜಾಯಿಕಾಯಿ, ನಿಂಬೆಸಿಪ್ಪೆ ಸೇರಿಸುತ್ತಾರೆ. ಕೆಲಸ ಅಚ್ಚುಕಟ್ಟು, ತಪ್ಪು ಹೇಳುವ ಹಾಗಿಲ್ಲ. ಆದರೆ ಅದು ಬಂಡವಾಳದ ಭಟ್ಟಿ, ಸತ್ತರಿಯದ್ದು ಊರಿನ ಭಟ್ಟಿ. ನನ್ನ ಪ್ರಶ್ನೆ ಇದ್ದದ್ದು ಎರಡನೆಯದ್ದರ ಬಗ್ಗೆ: ಅದು ಅಲ್ಲಿ ಹೇಗೆ ಉಳಿಯಿತು, ನಮ್ಮಲ್ಲಿ ಯಾಕೆ ಉಳಿಯಲಿಲ್ಲ?

ಉತ್ತರ ಇರುವುದು ಅಬಕಾರಿಯ ಕಾನೂನಿನಲ್ಲಿ. ಬ್ರಿಟಿಷರು ಕೆನರಾ ಜಿಲ್ಲೆಯನ್ನು ಒಡೆದು 1862ರಲ್ಲಿ ಉತ್ತರದ ಭಾಗವನ್ನು ಬೊಂಬಾಯಿಗೆ ಕೊಟ್ಟರು. ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹೀಗೆ ಒಂದೇ ಕರಾವಳಿಗೆ ಮೂರು ಕಾನೂನು ಆಯಿತು: ಗೋವೆಗೆ ಪೋರ್ಚುಗೀಸರದ್ದು, ಕಾರವಾರಕ್ಕೆ ಬೊಂಬಾಯಿಯದ್ದು, ನಮಗೆ ಮದ್ರಾಸಿನದ್ದು. ಬೊಂಬಾಯಿಯಲ್ಲಿ 1878ರ ಅಬಕಾರಿ ಕಾಯಿದೆ, ಮದ್ರಾಸಿನಲ್ಲಿ 1886ರದ್ದು. ಎರಡರ ದಾರಿಯೂ ಒಂದೇ. ಊರೂರಿನ ಸಣ್ಣ ಒಲೆಗಳನ್ನು ಆರಿಸಿ, ದೊಡ್ಡ ಕಾರ್ಖಾನೆಯಲ್ಲಿ ಇಳಿಸಿ, ಗುತ್ತಿಗೆದಾರನ ಕೈಯಲ್ಲಿ ಮಾರಿಸಿದರೆ ಸುಂಕ ತಪ್ಪಿಹೋಗುವುದಿಲ್ಲ. ಕುಡಿಯುವುದನ್ನು ನಿಲ್ಲಿಸುವುದು ಆ ಕಾಯಿದೆಗಳ ಉದ್ದೇಶ ಆಗಿರಲಿಲ್ಲ, ಒಲೆ ಯಾರ ಕೈಯಲ್ಲಿರಬೇಕು ಎಂಬುದೇ ಮುಖ್ಯ.

ಬ್ರಿಟಿಷರು ಇದನ್ನು ಗೋವೆಗೂ ಮುಟ್ಟಿಸಿದರು. 1878ರಲ್ಲಿ ಪೋರ್ಚುಗೀಸರೊಂದಿಗೆ ಆದ ಒಪ್ಪಂದದಲ್ಲಿ ಉಪ್ಪಿನ ಜತೆಗೆ ಅಬಕಾರಿಯನ್ನೂ ಬೊಂಬಾಯಿಯ ಮಾದರಿಗೆ ತರುವ ಶರತ್ತು ಇತ್ತು. ಆ ಒಪ್ಪಂದ 1892ಕ್ಕೆ ಮುಗಿಯಿತು, ಮುಂದುವರಿಯಲಿಲ್ಲ. ಪೋರ್ಚುಗೀಸರೇನೂ ಧರ್ಮಾತ್ಮರಲ್ಲ, ಅವರೂ ಸುಂಕ ವಸೂಲು ಮಾಡಿದವರೇ. ಆದರೆ ಗೇಣಿಯ ಕ್ರಮದಲ್ಲಿ ಊರಿನವನ ಕೈಯಲ್ಲಿ ಒಲೆ ಉಳಿಯಿತು. 1961ರ ಡಿಸೆಂಬರಿನಲ್ಲಿ ಗೋವೆ ಭಾರತಕ್ಕೆ ಸೇರಿದ ಮೇಲೂ ಅದು ಮುರಿಯಲಿಲ್ಲ. ಈಗಲೂ ಗೇರುಗುಡ್ಡಗಳನ್ನು ವಲಯ ವಲಯವಾಗಿ ಹರಾಜು ಹಾಕುತ್ತಾರೆ, ಹಿಡಿದವರು ಪರವಾನಗಿ ಪಡೆದು ಭಟ್ಟಿ ಹೂಡುತ್ತಾರೆ.

ನಮ್ಮದು ಬೇರೆ ದಾರಿ. 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಶುರು ಮಾಡಿದ ಪಾನನಿಷೇಧ 1948ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯಕ್ಕೆಲ್ಲ ಹಬ್ಬಿತು. ದೈವಗಳಿಗೆ ಇಡುವ ಕಳ್ಳಿಗೂ ಆಗ ಕಷ್ಟ ಬಂತು. 1956ರ ನವಂಬರ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ ಕೇರಳ ಪಾನನಿಷೇಧ ತೆಗೆಯಿತು. 1996ರ ಎಪ್ರಿಲ್ 1ರಿಂದ ಸಾರಾಯಿ ಮತ್ತೆ ನಿಂತಿತು. ಗಡಿಯ ಆಚೆ ಕರ್ನಾಟಕದಲ್ಲಿ ಅದು ನಿಂತದ್ದು 2007ರ ಜುಲೈಯಲ್ಲಿ. ಸಾರಾಯಿ ನಿಲ್ಲಿಸಿ ಎಂದು ಬೀದಿಗೆ ಇಳಿದ ಹೆಂಗಸರ ಕಣ್ಣೀರು ಸುಳ್ಳಲ್ಲ. ಕೂಲಿಯ ದುಡ್ಡೆಲ್ಲ ಗಡಂಗಿಗೆ ಹೋದ ಮನೆಗಳನ್ನು ನಾವೆಲ್ಲ ಕಂಡವರೇ. ಫೆನಿಯಾದರೂ ಮಿತಿ ಮೀರಿದರೆ ಮನೆ ಹಾಳು ಮಾಡುವುದೇ. ಆದರೆ ಇಷ್ಟು ಸಲ ಮುಚ್ಚಿ ತೆರೆದದ್ದರಲ್ಲಿ ನಮ್ಮಲ್ಲಿ ಉಳಿದದ್ದು ಎರಡೇ: ಕಾಡಿನ ಮರೆಯಲ್ಲಿ ಇಳಿಸುವ ಗಂಗಸರ, ಮತ್ತು ಸರ್ಕಾರಿ ಅಂಗಡಿಯ ಸಾಲಿನಲ್ಲಿ ನಿಂತು ತರುವ ಪರವೂರಿನ ಬಾಟ್ಲಿ. 1982ರಲ್ಲಿ ವೈಪಿನಿನಲ್ಲಿಯೂ 2000ದಲ್ಲಿ ಕಲ್ಲುವಾದುಕ್ಕಲಿನಲ್ಲಿಯೂ ವಿಷ ಬೆರೆತ ಸಾರಾಯಿ ಕುಡಿದು ಜನ ಸತ್ತರು. ಸತ್ತರಿಯ ಭಟ್ಟಿ ಊರಿನ ಕಣ್ಣೆದುರು ಉಂಟು. ಯಾರು ಇಳಿಸಿದ್ದೆಂದು ಎಲ್ಲರಿಗೂ ಗೊತ್ತು, ಅವರ ಮನೆಯವರೂ ಅದನ್ನೇ ಕುಡಿಯುವವರು.

ನಮ್ಮ ಗೇರಿನ ಕಥೆಗೆ ಇನ್ನೊಂದು ಮುಖ ಉಂಟು, ಅದನ್ನು ಬಿಟ್ಟು ಬರೆದರೆ ಕಾಸರಗೋಡಿನವನ ಬರಹ ಆಗುವುದಿಲ್ಲ. ಇಲ್ಲಿನ ದೊಡ್ಡ ಗೇರುತೋಟಗಳಿಗೆ ಬೇಕಿದ್ದದ್ದು ಬೀಜ ಮಾತ್ರ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆಯ ಮನೆಗಳಲ್ಲಿ ಆದದ್ದು ಲೋಕಕ್ಕೇ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಗೋವೆಯ ಭಟ್ಟಿಯಲ್ಲಿ ಕೂತಾಗ ನನಗೆ ಇದೇ ನೆನಪು. ಅವರು ನೆಲಕ್ಕೆ ಬಿದ್ದ ಹಣ್ಣನ್ನು ಹೆಕ್ಕಿ, ರಸವನ್ನು ಅಲ್ಲೇ ಮಕ್ಕಳಿಗೆ ಕುಡಿಯಲು ಕೊಡುತ್ತಾರೆ. ಹಣ್ಣನ್ನು ಆಹಾರವೆಂದು ಕಾಣುವಲ್ಲಿ ಅದರ ಮೇಲೆ ವಿಷ ಸುರಿಯಲು ಕೈ ಹಿಂದೇಟು ಹಾಕುತ್ತದೆ. ನಾವು ಹಣ್ಣನ್ನು ಕಸ ಎಂದು ಬಿಟ್ಟೆವು. ಕಸದ ಮೇಲೆ ಏನು ಬಿದ್ದರೂ ಕೇಳುವವರು ತಡವಾಗಿ ಬಂದರು.

ಗೋವೆಯ ಗೇರು ಫೆನಿಗೆ 2009ರಲ್ಲಿ ಜಿ.ಐ. ಗುರುತು ಸಿಕ್ಕಿತು. 2016ರಲ್ಲಿ ಅಲ್ಲಿನ ಸರ್ಕಾರ ಅಬಕಾರಿ ಕಾಯಿದೆ ತಿದ್ದಿ, ಅದುವರೆಗೆ ‘ನಾಡ ಸಾರಾಯಿ’ ಎಂದಿದ್ದದ್ದನ್ನು ‘ಪರಂಪರೆಯ ಪೇಯ’ ಎಂದಿತು. ಹಂಡೆ ಅದೇ, ರಸ ಅದೇ, ಕಾಗದದಲ್ಲಿ ಒಂದು ಶಬ್ದ ಬದಲಾಯಿತು. ಆ ಶಬ್ದದಿಂದ ಲಾಭ ಸತ್ತರಿಯ ಕಾಡಂಚಿಗೆ ಮುಟ್ಟುತ್ತದೋ, ಬಾಟ್ಲಿ ತುಂಬುವ ಕಂಪೆನಿಯಲ್ಲೇ ನಿಲ್ಲುತ್ತದೋ ಎಂಬುದು ಅಲ್ಲಿನವರ ಚಿಂತೆ. ನಮ್ಮ ಕಡೆಯೂ ಗಾಳಿ ಸ್ವಲ್ಪ ತಿರುಗಿದೆ. 2022ರಲ್ಲಿ ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಸಹಕಾರಿ ಬ್ಯಾಂಕಿಗೆ ಗೇರುಹಣ್ಣಿನ ಫೆನಿ ಮಾಡಲು ಕೇರಳ ಸರ್ಕಾರ ಅನುಮತಿ ಕೊಟ್ಟಿತು.

ನಾಳೆ ನಮ್ಮ ಗುಡ್ಡಕ್ಕೂ ಅದು ಬರಬಹುದು. ಬಂದಾಗ ಒಲೆ ಯಾರ ಕೈಯಲ್ಲಿ ಎಂದು ಮೊದಲು ಕೇಳಬೇಕು. ಮದ್ಯ ಬೇಡ ಎನ್ನುವವರಿಗೆ ನೀರೊ ಉಂಟು, ಶರಬತ್ತು, ಜಾಮು ಉಂಟು. ಹಣ್ಣು ಹೆಕ್ಕಿದ ಮನೆಗೆ ನಾಲ್ಕು ಕಾಸು ಬರಲು ಭಟ್ಟಿಯೇ ಆಗಬೇಕೆಂದಿಲ್ಲ. ಅದಕ್ಕೂ ಮೊದಲು ಶಾಲೆಯ ಮಾಸ್ಟ್ರುಗಳು, ಟೀಚರುಗಳು ಮಾಡಬಹುದಾದ ಒಂದು ಕೆಲಸ ಉಂಟು. ಮೂರ್ತೆಯ ಕಸುಬಿನಲ್ಲಿ ಇದ್ದ ಹಿರಿಯರು ಇನ್ನೂ ಕೆಲವರು ಇದ್ದಾರೆ. ಕತ್ತಿ, ಮಡಕೆ, ಕೊಂಬು, ಹದ ಇವಕ್ಕೆಲ್ಲ ಅವರ ಬಾಯಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಮಲಯಾಳದಲ್ಲೋ ಒಂದೊಂದು ಹೆಸರು ಉಂಟು. ಕೊಳಂಬಿ, ನೀರೊ, ಭಾಣ್ ಎಂಬ ಹೆಸರುಗಳು ಗೋವೆಯಲ್ಲಿ ಉಳಿದದ್ದು ಕಸುಬು ಉಳಿದದ್ದರಿಂದ. ನಮ್ಮವರ ಹೆಸರುಗಳನ್ನಾದರೂ ಈ ರಜೆಯಲ್ಲಿ ಮಕ್ಕಳ ಕೈಯಲ್ಲಿ ಬರೆಸಿ ವಾಚನಾಲಯಕ್ಕೆ ತಂದುಕೊಟ್ಟರೆ, ಮುಂದಿನ ಪುಸ್ತಕದಲ್ಲಿ ಅಚ್ಚು ಹಾಕೋಣ.